ಮಗಳ ಬಂಡೆ

ಚಿನ್ನೇಪಲ್ಲಿಯ ಮೂಡಲಿಗೆ, ಮುಚ್ಚಿಹೋದ ಗಣಿಯ ಬೂದು ಮಣ್ಣಿನ ದಿಬ್ಬಗಳನ್ನು ದಾಟಿದರೆ, ಸೀತಾಫಲದ ಪೊದೆಗಳ ನಡುವೆ ಒಂದು ದೊಡ್ಡ ಬಂಡೆ ನಿಂತಿದೆ. ಆನೆಯೊಂದು ಊರಿಗೆ ಬೆನ್ನು ಹಾಕಿ ಕುಳಿತಂತೆ ಕಾಣುತ್ತದೆ. ಅದರೆದುರಿನ ಹಾಸುಗಲ್ಲಿನ ಮೇಲೆ ನಿಂತು ಕೂಗಿದರೆ, ಬಂಡೆ ಆ ಕೂಗನ್ನು ಹಾಗೆಯೇ ಹಿಂದಿರುಗಿಸುತ್ತದೆ. ಇದಕ್ಕೆ ಮಗಳ ಬಂಡೆ ಎಂದು ಹೆಸರು. ಪಾಳೇಗಾರನ ಮಗಳೊಬ್ಬಳು ಪ್ರಿಯನನ್ನು ಕಳೆದುಕೊಂಡು ಮೇಲಿನಿಂದ ಹಾರಿದಳೆಂದು ಟೀ ಅಂಗಡಿಯವನು ಬಂದವರಿಗೆಲ್ಲ ಹೇಳುತ್ತಾನೆ. ಅವನ ಟೀ ಚೆನ್ನಾಗಿದೆ, ಕತೆ ಸುಳ್ಳು. ಈ ಬಂಡೆಯಿಂದ ಯಾರ ಮಗಳೂ ಹಾರಲಿಲ್ಲ. ಹೆಸರು ಬಂದದ್ದು ಪಿಳ್ಳಮ್ಮನಿಂದ ಎಂದು ಊರಿನ ಹಳಬರು ಹೇಳುತ್ತಾರೆ. ಅವರ ಮಾತನ್ನೇ ನಂಬಬೇಕು.

ಹಿಂದೆ ಒಮ್ಮೆ, ಗಣಿಯ ಚಕ್ರಗಳು ಹಗಲಿರುಳು ತಿರುಗುತ್ತಿದ್ದ ಕಾಲದಲ್ಲಿ, ಹಾರ್ಡಿಂಗ್ ಎಂಬ ಇಂಗ್ಲಿಷ್ ದೊರೆ ಹೆಂಡತಿಯೊಡನೆ ಇಲ್ಲಿನ ಬಂಗಲೆಗೆ ಬಂದನಂತೆ. ಹೆಂಡತಿಯ ಹೆಸರು ನೆಸ್ಟ್. ಅವಳು ವೇಲ್ಸ್ ಸೀಮೆಯವಳು. ವೇಲ್ಸ್ ಇಂಗ್ಲೆಂಡಿನ ಮಗ್ಗುಲಲ್ಲೇ ಇದ್ದರೂ ಅಲ್ಲಿನ ಮಾತು ಬೇರೆ. ಇಂಗ್ಲಿಷಿನವರ ಕಿವಿಗೆ ಅದರ ಒಂದು ಸೊಲ್ಲೂ ಹತ್ತುವುದಿಲ್ಲ. ನೆಸ್ಟಳ ಇಂಗ್ಲಿಷಿನಲ್ಲೂ ಅವಳ ಕಣಿವೆಯ ರಾಗ ಏರಿ ಇಳಿಯುತ್ತಿತ್ತು. ಕ್ಲಬ್ಬಿನ ದೊರೆಸಾನಿಯರು ಅದನ್ನು ಅಣಕಿಸಿ ನಗುತ್ತಿದ್ದರು. ಅವಳು ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟು, ಬಂಗಲೆಯ ಆಯಾ ಪಿಳ್ಳಮ್ಮನಿಂದ ಕನ್ನಡ ಕಲಿತಳು. ಪಿಳ್ಳಮ್ಮನಿಗೆ ಬಂದದ್ದು ಚಿನ್ನೇಪಲ್ಲಿಯ ಕನ್ನಡ, ಆದ್ದರಿಂದ ದೊರೆಸಾನಿಗೂ ಅದೇ ಬಂತು. ಅವಳು ಒಂದು ದಿನ "ಎಂಗಿದ್ದೀರಾ ಸಾಮಿ, ಉಂಡ್ರಾ?" ಎಂದಾಗ, ಮೈಸೂರಿನಿಂದ ಬಂದಿದ್ದ ಗುಮಾಸ್ತ ಶ್ರೀಕಂಠಯ್ಯ ಕಿವಿ ಮುಚ್ಚಿಕೊಂಡನಂತೆ. "ಅಯ್ಯೋ, ದೊರೆಸಾನಿಯ ಬಾಯನ್ನೂ ಕೆಡಿಸಿಬಿಟ್ಟೆಯಲ್ಲೇ ಪಿಳ್ಳಮ್ಮ! ಹ ಅನ್ನೋ ಅಕ್ಷರಾನ ನಿಮ್ಮೂರಿನವರು ಅಡವಿಟ್ಟಿದ್ದೀರೇನೇ?" ಎಂದ. "ನಿಮ್ಮಂತೋರು ಎಲ್ಲಾನೂ ಒತ್ಕೊಂಡೋದ್ರಲ್ಲ ಸಾಮಿ, ನಮಗೇನು ಉಳೀತು?" ಎಂದಳು ಪಿಳ್ಳಮ್ಮ. ಮಾತು ಅರ್ಥವಾಗಿ ನೆಸ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾತಿನ ರಾಗಕ್ಕಾಗಿ ನಗೆಪಾಟಲಾದ ಇಬ್ಬರು ಹೆಂಗಸರು ಅಂದಿನಿಂದ ಒಬ್ಬರಿಗೊಬ್ಬರಾದರು.

ನೆಸ್ಟಳಿಗೆ ಎಲಿನ್ ಎಂಬ ಹೆಣ್ಣುಮಗು ಹುಟ್ಟಿತು. ದೊರೆ ಗಣಿಗೆ ಇಳಿದ ಮೇಲೆ ಅವಳು ಮಗುವಿನೊಡನೆ ತನ್ನ ವೇಲ್ಸಿನ ಮಾತನ್ನೇ ಆಡುತ್ತಿದ್ದಳು. ಅವನು ಮನೆಗೆ ಬಂದರೆ ಇಂಗ್ಲಿಷಿಗೆ ತಿರುಗುತ್ತಿದ್ದಳು, ಅವನೂ ನಗುತ್ತಾನೆಂದು. ತೊಟ್ಟಿಲ ಪಕ್ಕದಲ್ಲಿ ಕುಳಿತಿದ್ದ ಪಿಳ್ಳಮ್ಮನಿಗೆ ಆ ಮಾತು ತಾನಾಗಿ ಹತ್ತಿತು. "ಡೆರೆ ಮಾ" ಎಂದರೆ ಬಾ ಇಲ್ಲಿ. "ಕರ್ಯಾದ್" ಎಂದರೆ ಚಿನ್ನ. ಹೀಗೆ ಹಾಲು, ನಿದ್ದೆ, ಮಳೆ, ಹಟ ಎಲ್ಲವೂ ಬಂದವು. ಮಗುವಿಗೆ ಮೂರು ತುಂಬುವಾಗ ನೆಸ್ಟ್ ವಿಷಮಜ್ವರದಲ್ಲಿ ಮಲಗಿದಳು. ಏಳುವುದಿಲ್ಲವೆಂದು ತಿಳಿದಾಗ ಪಿಳ್ಳಮ್ಮನ ಕೈ ಹಿಡಿದು, "ನನ್ನ ಮಗೀಗೆ ನನ್ನ ಮಾತು ಕೊಡು ಕಣೆ. ಇಲ್ಲಿ ಅದು ಇರೋದು ನಿನ್ನ ಬಾಯಾಗೆ ಒಂದೇ" ಎಂದಳಂತೆ. "ಕೊಡ್ತೀನಿ, ನಿಮ್ಮ ರಾಗಾನೂ ಸೇರಿಸಿ ಕೊಡ್ತೀನಿ" ಎಂದಳು ಪಿಳ್ಳಮ್ಮ.

ಕೊಟ್ಟಳು. ತಾಯಿ ಹೋದ ಮೇಲೆ ಸಂಜೆ ಸಂಜೆ ಮಗುವನ್ನು ಈ ಬಂಡೆಗೆ ಕರೆತಂದಳು. ಮಗು ಕೂಗಿದರೆ ಬಂಡೆ ಅದೇ ಮಾತಿನಲ್ಲಿ, ಅದೇ ರಾಗದಲ್ಲಿ ಓಗೊಡುತ್ತಿತ್ತು. ಮಾತು ಕಲಿಯುವುದಕ್ಕೆ ಇಬ್ಬರು ಸಾಲದು, ಮೂರನೆಯವರು ಬೇಕು; ಬಂಡೆ ಮೂರನೆಯದಾಯಿತು. ಆದರೆ ಮಗುವಿಗೆ ಐದು ತುಂಬಿದ ಮೇಲೆ ಒಂದು ಸಂಜೆ ಹಾರ್ಡಿಂಗ್ ಬೇಗ ಮನೆಗೆ ಬಂದ. ಮಗಳು ಆಯಾಳೊಡನೆ ಪಟಪಟನೆ ಮಾತಾಡುತ್ತಿರುವುದನ್ನು ಜಗಲಿಯಲ್ಲಿ ನಿಂತು ಕೇಳಿದ. ಒಂದೂ ತಿಳಿಯಲಿಲ್ಲ. ತನ್ನ ಹೆಂಡತಿ ಹುಟ್ಟಿ ಬೆಳೆದ ಮಾತನ್ನು ಅವನು ಕೂಲಿಯವರ ಕನ್ನಡ ಎಂದುಕೊಂಡ. "ನನ್ನ ಮಗಳನ್ನು ಈ ಹೆಂಗಸು ಕಾಡುಮನುಷ್ಯಳನ್ನಾಗಿ ಮಾಡುತ್ತಿದ್ದಾಳೆ, ಮಗು ನಾಳೆಯೇ ಇಂಗ್ಲೆಂಡಿನ ಶಾಲೆಗೆ ಹೊರಡಲಿ" ಎಂದು ಕೂಗಾಡಿದ. ಪಿಳ್ಳಮ್ಮ ದೊರೆಯ ಹಿಂದೆ ಬಂದಿದ್ದ ಗುಮಾಸ್ತನ ಕಡೆ ತಿರುಗಿ, "ಏಳಿ ಸಾಮಿ, ಇದು ಕನ್ನಡ ಅಲ್ಲ, ಅಮ್ಮಾವ್ರ ಮಾತು ಅಂತ ಏಳಿ" ಎಂದಳು. ನಿಮ್ಮ ಹೆಂಡತಿಯ ಮಾತು ನಿಮಗೇ ಗೊತ್ತಿಲ್ಲ ಎಂದು ದೊರೆಯ ಮುಖಕ್ಕೆ ಯಾರು ಹೇಳುತ್ತಾರೆ? ಶ್ರೀಕಂಠಯ್ಯ ತಲೆ ತಗ್ಗಿಸಿ, ಆಯಾ ಕ್ಷಮೆ ಕೇಳುತ್ತಿದ್ದಾಳೆ ಎಂದುಬಿಟ್ಟ.

ಮಗು ಹೋಯಿತು. ಪಿಳ್ಳಮ್ಮನ ಕೆಲಸವೂ ಹೋಯಿತು. ಅವಳು ನಾಲ್ಕು ಆಡು ಕಟ್ಟಿಕೊಂಡು ಬದುಕಿದಳು. ಎಲಿನ್ ಮರಳಿ ಬಂದಾಗ ಮಾತು ತುಕ್ಕು ಹಿಡಿದಿರಬಾರದೆಂದು, ದಿನವೂ ಮೇಯಿಸುವ ನೆಪದಲ್ಲಿ ಬಂಡೆಗೆ ಹೋಗಿ ಅದರೊಡನೆ ಆ ಮಾತು ಆಡುತ್ತಿದ್ದಳು. ಸೊಲ್ಲು ಎಲ್ಲಾದರೂ ಸೊಟ್ಟಗಾದರೆ ಬಂಡೆಯ ಉತ್ತರದಲ್ಲಿ ಅದು ತಿಳಿಯುತ್ತಿತ್ತು. ತಿದ್ದಿಕೊಂಡು ಮತ್ತೆ ಕೂಗುತ್ತಿದ್ದಳು. ಆಡುಗಳನ್ನೂ "ಡೆರೆ ಮಾ" ಎಂದೇ ಕರೆಯುತ್ತಿದ್ದಳು. "ಏನಂತೈತೆ ನಿನ್ನ ಬಂಡೆ?" ಎಂದು ನೆರೆಮನೆಯ ಬಚ್ಚಕ್ಕ ಕೆಣಕಿದರೆ, "ನಾನು ಅಂದದ್ದನ್ನೇ ಅಂತೈತೆ. ನಿನ್ನಂಗೆ ಉಪ್ಪು ಖಾರ ಅಚ್ಚಿ ಊರೆಲ್ಲ ಅಂಚಲ್ಲ" ಎನ್ನುತ್ತಿದ್ದಳು. ಕೂದಲು ನರೆಯಿತು. ಹಾರ್ಡಿಂಗ್ ಊರು ಬಿಟ್ಟುಹೋದ. ಗಣಿಯೂ ಸೊರಗತೊಡಗಿತು.

ಕೊನೆಗೆ ಎಲಿನ್ ತಾಯಿಯ ಗೋರಿ ನೋಡಲು ಬಂದಳು. ನಡುವಯಸ್ಸಿನ, ಎತ್ತರದ ಹೆಂಗಸು. ದುಭಾಷಿಯಾಗಿ ಜೊತೆಗೆ ಬಂದವನು ಮುದುಕನಾಗಿದ್ದ ಶ್ರೀಕಂಠಯ್ಯನೇ. ಸುದ್ದಿ ತಿಳಿದ ಪಿಳ್ಳಮ್ಮ ತಲೆಗೆ ನೀರು ಹಾಕಿಕೊಂಡು, ಮಡಿಸಿಟ್ಟಿದ್ದ ಸೀರೆ ಉಟ್ಟು, ಹಾಸುಗಲ್ಲಿನ ಮೇಲೆ ಕಾದು ನಿಂತಳು. ಗೋರಿ ನೋಡಿಕೊಂಡು ಶ್ರೀಕಂಠಯ್ಯ ಎಲಿನಳನ್ನು ಅಲ್ಲಿಗೆ ಕರೆತಂದಾಗ ಎರಡೂ ಕೈ ಚಾಚಿ, ನೆಸ್ಟಳ ರಾಗದಲ್ಲಿ, "ಡೆರೆ ಮಾ, ಕರ್ಯಾದ್" ಎಂದಳು. ಬಂಡೆಯೂ ಅಂದಿತು. ಆಮೇಲೆ ಅವಳು ತಡೆಯಿಲ್ಲದೆ ಆಡಿದಳು. ಅಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಆಡಿದಳು. ಎಲಿನ್ ನಯವಾಗಿ ನಕ್ಕು ಶ್ರೀಕಂಠಯ್ಯನ ಕಡೆ ತಿರುಗಿದಳು. "ನನಗೆ ಕನ್ನಡ ಪೂರ್ತಿ ಮರೆತುಹೋಗಿದೆ. ಏನು ಹೇಳುತ್ತಿದ್ದಾರೆ ಇವರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಶ್ರೀಕಂಠಯ್ಯ ಈ ಸಲ ತಲೆ ತಗ್ಗಿಸಲಿಲ್ಲ. "ಇದು ಕನ್ನಡವಲ್ಲ ತಾಯಿ. ನಿಮ್ಮ ಅಮ್ಮನ ಮಾತು" ಎಂದ. ಎಲಿನ್ ಪಿಳ್ಳಮ್ಮನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಅಳುತ್ತ ಏನೋ ಅಂದಳು.

"ಏನಂತಾಳೆ ಸಾಮಿ?" ಎಂದಳು ಪಿಳ್ಳಮ್ಮ.

"ಕ್ಷಮಿಸು ಅಂತಾಳೆ."

"ಯಾವ ಮಾತಾಗೆ?"

"ಇಂಗ್ಲಿಷಲ್ಲಿ."

ಪಿಳ್ಳಮ್ಮ ಸೆರಗಿನಿಂದ ಎಲಿನಳ ಮುಖ ಒರೆಸಿದಳು, ತಲೆ ನೇವರಿಸಿದಳು, ಸೀತಾಫಲ ಕಿತ್ತು ಕೈಗಿಟ್ಟು ಕಳಿಸಿಕೊಟ್ಟಳು. ಸಂಜೆ ಬಚ್ಚಕ್ಕ ಏದುಸಿರು ಬಿಡುತ್ತ ಬಂಡೆಗೆ ಬಂದು, "ಮಗಳು ಬಂದಿದ್ಲಂತೆ, ಮಾತಾಡಿದ್ಲೇನೆ?" ಎಂದಳು. ಪಿಳ್ಳಮ್ಮ ಬಂಡೆಯ ಕಡೆ ಕೈ ತೋರಿಸಿ, "ಬಂದೋಳು ಯಾರೋ ದೂರದೋಳು, ಪಾಪ. ನನ್ನ ಮಗಳು ಇಲ್ಲೇ ಅವಳೆ. ಕರುದ್ರೆ ಓ ಅಂತಾಳೆ" ಎಂದಳು. ಊರು ಅಂದಿನಿಂದ ಇದನ್ನು ಮಗಳ ಬಂಡೆ ಎಂದು ಕರೆಯಿತು ಎನ್ನುತ್ತಾರೆ. ಬಚ್ಚಕ್ಕ ಆಮೇಲೆ ಯಾವತ್ತೂ ಅವಳನ್ನು ಕೆಣಕಲಿಲ್ಲವಂತೆ.

ಈಗ ಅಲ್ಲಿಗೆ ಹೋದರೆ ಹಾಸುಗಲ್ಲು ಒಂದು ಕಡೆ ಸವೆದಿರುವುದು ಕಾಣುತ್ತದೆ. ಪಿಳ್ಳಮ್ಮ ಕೂರುತ್ತಿದ್ದ ಜಾಗ ಅದು. ಇತ್ತೀಚೆಗೆ ವೇಲ್ಸಿನಿಂದಲೇ ಇಬ್ಬರು ಬಂದಿದ್ದರು, ಒಬ್ಬ ಉತ್ತರದವನು, ಒಬ್ಬಳು ದಕ್ಷಿಣದ ಕಣಿವೆಯವಳು. ಬಾ ಎನ್ನಲು ನಮ್ಮ ಕಡೆ ಬೇರೆ ಮಾತಿದೆ, ನಮ್ಮದೇ ಸರಿ, ಎಂದು ಅವನು ಅವಳನ್ನು ರೇಗಿಸುತ್ತಿದ್ದ. ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಮುದುಕಿ ತನ್ನ ಆಡುಗಳನ್ನು ಕರೆದಳು. ಚಿನ್ನೇಪಲ್ಲಿಯಲ್ಲಿ ಆಡು ಕರೆಯುವುದು ಇಂದಿಗೂ ಪಿಳ್ಳಮ್ಮನ ಹಾಗೆಯೇ, "ಡೆರೆ ಮಾ" ಎಂದೇ. ಕಣಿವೆಯವಳು ನಿಂತಲ್ಲೇ ನಿಂತಳು. ಅದು ಅವಳ ಅಜ್ಜಿಯ ರಾಗವಂತೆ. ಅವಳ ಮಗಳು ಶಾಲೆಯಲ್ಲಿ ಆ ಭಾಷೆಯನ್ನು ಚೆನ್ನಾಗಿಯೇ ಕಲಿತಿದ್ದಾಳಂತೆ, ಆದರೆ ಹೀಗೆ ಕರೆಯುವವರು ಅವಳ ಊರಿನಲ್ಲೇ ಈಗ ಯಾರೂ ಉಳಿದಿಲ್ಲವಂತೆ. ಅವಳು ಹಾಸುಗಲ್ಲಿನ ಮೇಲೆ ಕುಳಿತು ಇನ್ನೊಮ್ಮೆ ಕರೆಯುವಂತೆ ಕೈಸನ್ನೆಯಲ್ಲಿ ಕೇಳಿಕೊಂಡಳು. ಮುದುಕಿ ಕರೆದಳು. ಬಂಡೆ ಓಗೊಟ್ಟಿತು, ಪೊದೆಗಳ ಸಂದಿಯಿಂದ ಆಡುಗಳು ಒಂದೊಂದಾಗಿ ಇಳಿದು ಬಂದವು.