ಅರ್ಧಕ್ಕೆ ಇಳಿಸಿದ ಹಾಯಿ

"ಊರಿಗೆ ಊರೇ ನೆರೆದಿರುವ ಕಡೆ ನಾನೊಬ್ಬ ಮುಂದೆ ಹೋಗದಿದ್ದರೆ ಏನು ಕೆಟ್ಟೀತು, ಸ್ವಾಮಿ?" ಎಂದು ಶಿಷ್ಯ ಕೇಳಿದ. ಹಿಂದಿನ ದಿನ ಕೆರೆಯ ಏರಿಯ ಮೇಲೆ ಬಂಡಿಯೊಂದು ಮಗುಚಿದಾಗ ಅವನು ಗುಂಪಿನಲ್ಲಿ ನಿಂತು ನೋಡಿ ಬಂದಿದ್ದ.

ಗುರುಗಳು ಕತೆ ಹೇಳಿದರು.

ಪಡುವಣ ಕರಾವಳಿಯಲ್ಲಿ ಒಬ್ಬ ವರ್ತಕನಿದ್ದ. ಮೂವತ್ತು ವರ್ಷ ಬಂದರಿನಲ್ಲಿ ನಿಂತು ಕಂಡವರ ಹಡಗಿಗೆ ಸರಕು ಹೇರಿಸಿದವನು. ತಾನು ಮಾತ್ರ ಒಮ್ಮೆಯೂ ಹತ್ತಿದವನಲ್ಲ. ಅವನ ಹೆಂಡತಿಗೆ ಒಂದೇ ಒಂದು ಆಸೆ. ತನ್ನ ತವರೂರು ಕಡಲಿನಿಂದ ಹೇಗೆ ಕಾಣುತ್ತದೆಂದು ನೋಡಬೇಕು. 'ಬರುವ ಬೇಸಗೆಗೆ ಆಗಲಿ' ಎನ್ನುತ್ತಲೇ ಅವನು ಅಷ್ಟೂ ವರ್ಷ ಕಳೆದ. ಕಡೆಗೊಂದು ಬೇಸಗೆ ಸಣ್ಣದೊಂದು ಹಾಯಿಹಡಗು ಕಟ್ಟಿಸಿದ. ಸರಕಿಗಲ್ಲ, ತಿರುಗಾಟಕ್ಕೆ.

ಬೇಸಗೆಯಲ್ಲಿ ಆ ಕಡಲು ಸಂತೆಯ ಬೀದಿ ಇದ್ದಂತೆ. ಮಳೆ ಹಿಡಿಯುವ ಮೊದಲು ಎಲ್ಲರಿಗೂ ಎಲ್ಲಿಗಾದರೂ ಹೋಗುವುದಿರುತ್ತದೆ. ಹೊರಡುವಾಗ ಹಡಗು ನಡೆಸುವ ತಂಡೇಲ, ಹಿಂದೊಂದು ಕಿರುದೋಣಿ ಕಟ್ಟಿಕೊಳ್ಳೋಣ ಎಂದ. ಇಷ್ಟು ಜನರ ನಡುವೆ ಅದೊಂದು ಭಾರ ಯಾಕೆ, ಕರೆದರೆ ಹತ್ತು ದೋಣಿ ಬರುತ್ತವೆ ಎಂದು ವರ್ತಕ ಅದನ್ನು ದಡದಲ್ಲೇ ಬಿಟ್ಟ.

ಐದು ದಿನ ಬಂದರಿನಿಂದ ಬಂದರಿಗೆ ಸುಖವಾಗಿ ಸಾಗಿದರು. ಆರನೆಯ ದಿನ ಬೆಳಿಗ್ಗೆ ದೂರದಲ್ಲಿ ಒಂದು ಹಡಗು ಹಾಯಿಯನ್ನು ಅರ್ಧಕ್ಕೆ ಇಳಿಸಿ ನಿಂತಿತ್ತು. ಆ ಕಡಲಿನಲ್ಲಿ ಹಾಗೆ ನಿಂತರೆ, ನೆರವಿಗೆ ಬನ್ನಿ ಎಂದು ಅರ್ಥ.

"ತಿರುಗಿಸಲೇ, ಒಡೆಯರೇ?" ಎಂದ ತಂಡೇಲ.

"ನಮ್ಮ ಹಿಂದೆ ಎಷ್ಟು ಹಾಯಿ ಬರುತ್ತಿವೆ ನೋಡು. ಅವರಲ್ಲಿ ಯಾರಾದರೂ ಹೋಗುತ್ತಾರೆ. ಈ ಗಾಳಿ ಬಿಟ್ಟರೆ ಇವಳ ತವರು ಇವತ್ತು ಸಿಕ್ಕುವುದಿಲ್ಲ."

"ನನ್ನ ತವರೇನು ಎದ್ದು ಓಡಿಹೋಗುತ್ತದೆಯೇ?" ಎಂದಳು ಹೆಂಡತಿ.

ವರ್ತಕ ನಕ್ಕ. ಹಡಗು ತಿರುಗಲಿಲ್ಲ.

ಮಧ್ಯಾಹ್ನ ನೀರಿನಡಿಯ ಬಂಡೆಗೆ ತಾಗಿ ಚುಕ್ಕಾಣಿ ಮುರಿಯಿತು. ಹಡಗು ಗಿರ್ರನೆ ಸುತ್ತಿತು. ಹಾಯಿಯ ಅಡ್ಡಮರ ಬೀಸಿ ಬಂದು ಹೆಂಡತಿಯ ತಲೆಗೆ ಬಡಿಯಿತು. ಅವಳು ಕೂತಲ್ಲೇ ಒರಗಿದಳು. ಉಸಿರಿತ್ತು, ಮಾತಿರಲಿಲ್ಲ. ಎದುರಿಗೇ ಅವಳ ತವರಿನ ಗುಡ್ಡ ಕಾಣುತ್ತಿತ್ತು. ಅಲ್ಲಿ ವೈದ್ಯನಿದ್ದ. ಅಲ್ಲಿಗೆ ಮುಟ್ಟಿಸುವ ದೋಣಿ ಇರಲಿಲ್ಲ.

ತಂಡೇಲ ಲಂಗರು ಬಿಟ್ಟ, ಹಾಯಿಯನ್ನು ಅರ್ಧಕ್ಕೆ ಇಳಿಸಿದ, ತಾಮ್ರದ ಹಂಡೆಯನ್ನು ಬಡಿಯತೊಡಗಿದ. ವರ್ತಕ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಡಲನ್ನು ನೋಡಿದ. ಹನ್ನೊಂದು ಹಾಯಿಗಳಿದ್ದವು. ಒಂದಾದರೂ ಬರುತ್ತದೆ ಎಂದುಕೊಂಡ. ಒಂದು ಹಡಗು ಕೂಗಳತೆಯಲ್ಲೇ ಹಾದುಹೋಯಿತು. ಅದರಲ್ಲಿ ನಿಂತವನು ಇವರನ್ನು ನೋಡಿದ, ಆಮೇಲೆ ತನ್ನ ಹಿಂದೆ ಬರುತ್ತಿದ್ದ ಹಾಯಿಗಳನ್ನು ನೋಡಿದ, ಮುಂದಕ್ಕೆ ಹೋದ. ವರ್ತಕನಿಗೆ ಆ ನೋಟದ ಗುರುತು ಸಿಕ್ಕಿತು.

"ನಿನ್ನ ತವರು ಬಂತು, ನೋಡು" ಎಂದು ಹೆಂಡತಿಗೆ ಎರಡು ಸಲ ಹೇಳಿದ. ಅವಳು ಕಣ್ಣು ತೆರೆಯಲಿಲ್ಲ.

ಹೊತ್ತು ಇಳಿಯುವಾಗ ಒಬ್ಬ ಮುದುಕ ಮೀನುಗಾರ ಸಣ್ಣ ದೋಣಿಯಲ್ಲಿ ಹುಟ್ಟು ಹಾಕುತ್ತ ಬಂದ. ಮೈಯೆಲ್ಲ ಬೆವರು.

"ಸದ್ದು ಕೇಳಿದಾಗಿನಿಂದ ಹುಟ್ಟು ಹಾಕುತ್ತಿದ್ದೇನೆ, ದೂರವಾಯಿತು" ಎಂದ. "ಒಂದು ನರಪಿಳ್ಳೆ ಇಲ್ಲದ ಕಡಲಿನಲ್ಲಿ ಬಂದು ಸಿಕ್ಕಿಕೊಂಡಿರಲ್ಲ, ಮಾರಾಯರೇ. ನಾನೂ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ?"

ವರ್ತಕ ತಲೆಯೆತ್ತಿ ಸುತ್ತಲೂ ನೋಡಿದ. ಹಾಯಿಗಳು ಇದ್ದ ಹಾಗೆಯೇ ಇದ್ದವು. ತೊಡೆಯ ಮೇಲಿನ ತಲೆ ಆಗಲೇ ತಣ್ಣಗಾಗಿತ್ತು.

ಅವಳನ್ನು ಮುದುಕನ ದೋಣಿಯಲ್ಲಿ ಮಲಗಿಸಿ ತವರಿನ ದಡಕ್ಕೆ ಒಯ್ದರು. ಆ ಊರು ಕಡಲಿನಿಂದ ಹೇಗೆ ಕಾಣುತ್ತದೆಂದು ವರ್ತಕ ದಾರಿಯುದ್ದಕ್ಕೂ ನೋಡಿದ. ಹೇಳಲು ಯಾರೂ ಇರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಅಷ್ಟು ಜನರಲ್ಲಿ ದಯೆ ಇದ್ದದ್ದು ಆ ಮುದುಕನೊಬ್ಬನಿಗೇ ಏನು, ಸ್ವಾಮಿ?"

"ದಯೆ ಎಲ್ಲರಿಗೂ ಇತ್ತು, ಮುದುಕನ ಕಣ್ಣಿಗೆ ಪೊರೆ ಬಂದಿತ್ತು, ಬೇರೆ ಹಾಯಿಗಳು ಅವನಿಗೆ ಕಾಣುತ್ತಿರಲಿಲ್ಲ."