ಒಣಗದ ಕೂದಲು

“ಗುರುಗಳೇ, ಪರರ ಸಂಕಟವನ್ನು ಮುಖ ತಿರುಗಿಸದೆ ನೋಡುವುದು ಕರುಣೆಯಲ್ಲವೇ?” ಎಂದು ಶಿಷ್ಯ ಸಿದ್ಧವೀರ ಕೇಳಿದ. ದೂರದ ಊರೊಂದರ ಮೇಲೆ ಗುಡ್ಡ ಕುಸಿದು ಮೂರು ದಿನವಾಗಿತ್ತು. ಆ ಮೂರು ದಿನವೂ ಅವನು ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದ. ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ನೇಕಾರನ ಹೆಂಡತಿ ಇದ್ದಳು. ಅವಳಿಗೆ ಆಗತಾನೇ ನಡೆಯಲು ಕಲಿತ ಒಬ್ಬ ಮಗಳು. ಆ ಊರಿಗೆ ಹೊಳೆಯಿರಲಿಲ್ಲ. ಅವಳು ದೋಣಿಯನ್ನೇ ಕಂಡವಳಲ್ಲ. ಒಂದು ಮಧ್ಯಾಹ್ನ ಚಿತ್ರ ತೋರಿಸುವವನೊಬ್ಬ ಬಂದು, ತಮಟೆ ಬಾರಿಸಿ, ಬಟ್ಟೆಯ ಸುರುಳಿ ಬಿಚ್ಚಿದ. ಎಲ್ಲೋ ದೂರದ ಹೊಳೆಯಲ್ಲಿ ದೋಣಿ ಮಗುಚಿ ಹದಿಮೂರು ಜನ ಸತ್ತಿದ್ದರು. ಚಿತ್ರದಲ್ಲಿ ಒಬ್ಬ ತಾಯಿಯ ಕೈಯಿಂದ ಮಗ ಜಾರುತ್ತಿದ್ದ.

ಬಂಧುಗಳ ಸಾವಿನ ಸುದ್ದಿ ಕೇಳಿದರೆ ತಲೆಗೆ ಸ್ನಾನ ಮಾಡುವುದು ಅಲ್ಲಿನ ರೂಢಿ. ಸತ್ತವರು ಅವಳಿಗೆ ಏನೂ ಆಗಬೇಕಿರಲಿಲ್ಲ. ಆದರೂ ಕರುಳು ಚುರುಕ್ ಎಂದಿತು. ಮನೆಗೆ ಬಂದು ತಲೆಗೆ ನೀರು ಹೊಯ್ದುಕೊಂಡಳು. ಒಳ್ಳೆಯ ಹೆಂಗಸು. ಅದು ಅಲ್ಲಿಗೆ ಮುಗಿಯಬೇಕಿತ್ತು.

ಮರುದಿನ ಮತ್ತೆ ತಮಟೆ ಕೇಳಿಸಿತು. ಅದೇ ದೋಣಿ ಮತ್ತೆ ಮಗುಚಿತು. ಅವಳು ಮತ್ತೆ ಸ್ನಾನ ಮಾಡಿದಳು. ಚಿತ್ರ ತೋರಿಸುವವನೂ ಪಾಪ, ಹೊಟ್ಟೆಪಾಡಿನವನೇ. ಜನ ಸೇರುವಷ್ಟು ದಿನ ದೋಣಿಯನ್ನು ದಡ ಸೇರಿಸುವ ಅವಸರ ಅವನಿಗೇನಿತ್ತು?

ತಿಂಗಳಾಯಿತು. ಅವಳ ಕೂದಲು ಒಣಗಲೇ ಇಲ್ಲ. ಅವಳು ಕೂತೆದ್ದಲ್ಲಿ ನೆಲ ಒದ್ದೆಯಾಗಿರುತ್ತಿತ್ತು. ಮಗ್ಗದ ಕೆಳಗೆ ಹೊಳೆ ಹರಿಯುವ ಸದ್ದು ಕೇಳತೊಡಗಿತು. ಮಗಳು ಬಚ್ಚಲ ಕಡೆ ಒಂದು ಹೆಜ್ಜೆ ಇಟ್ಟರೂ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ಮಗುವನ್ನು ಕಂಬಕ್ಕೆ ಕಟ್ಟಿಹಾಕಿದಳು. ಲೋಟದ ನೀರಿಗೂ ಹೆದರಿ, ಒದ್ದೆ ಬಟ್ಟೆಯನ್ನು ಮಗುವಿನ ಬಾಯಿಗೆ ಹಿಂಡಿದಳು. ಗಂಡ ಹೇಳಿ ಹೇಳಿ ಸೋತ. ಮಗು ದಿನದಿಂದ ದಿನಕ್ಕೆ ಸೊರಗುತ್ತಾ ಹೋಯಿತು.

ಒಂದು ದಿನ ಸೀರೆ ಕೊಳ್ಳಲು ಬೇರೆ ಊರಿನ ಹೆಂಗಸೊಬ್ಬಳು ಬಂದಳು. ನೇಕಾರನ ಹೆಂಡತಿ ನೋಡಿದೊಡನೆ ಗುರುತು ಹಿಡಿದಳು. ಅವಳು ಚಿತ್ರದಲ್ಲಿದ್ದ ತಾಯಿ. ಅವಳ ಕೂದಲು ಒಣಗಿತ್ತು. ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು.

“ಅಕ್ಕಾ, ನಿನ್ನ ಮಗ...” ಎಂದು ಇವಳು ಬಿಕ್ಕಿದಳು.

ಆ ತಾಯಿ ಇವಳ ಒದ್ದೆ ಕೂದಲನ್ನೂ ಕಂಬಕ್ಕೆ ಕಟ್ಟಿದ ಮಗುವನ್ನೂ ನೋಡಿದಳು. ಹಗ್ಗ ಬಿಚ್ಚಿ, ಮಗುವನ್ನು ಎತ್ತಿಕೊಂಡು, ಲೋಟದಲ್ಲಿ ನೀರು ಕುಡಿಸಿದಳು. ಆಮೇಲೆ ಕೇಳಿದಳು: “ನನ್ನ ಮಗ ಒಂದೇ ಸಲ ಮುಳುಗಿದ, ತಂಗಿ. ನಾನೂ ಒಂದೇ ಸಲ ತಲೆಗೆ ನೀರು ಹಾಕ್ಕೊಂಡೆ. ನಿನ್ನ ಮನೇಲಿ ಅವನು ದಿನಾ ಯಾಕೆ ಮುಳುಗ್ತಾನೆ?”

ಮಗು ಇನ್ನೂ ನೀರು ಬೇಕೆಂದು ಅಮ್ಮನತ್ತ ಕೈಚಾಚಿತು. ನೇಕಾರನ ಹೆಂಡತಿ ಎಷ್ಟೋ ದಿನಗಳ ಮೇಲೆ ಲೋಟ ತುಂಬಿಸಿದಳು. ಅಷ್ಟರಲ್ಲಿ ಬೀದಿಯಲ್ಲಿ ತಮಟೆ ಸದ್ದಾಯಿತು. ಲೋಟ ಹಿಡಿದ ಕೈ ಹಾಗೆಯೇ ನಿಂತಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ? ಮಗುವಿಗೆ ನೀರು ಕೊಟ್ಟಳೇ? ಇಲ್ಲವೇ ತಮಟೆಯ ಕಡೆ ಎದ್ದು ಹೋದಳೇ?” ಎಂದ ಸಿದ್ಧವೀರ. ಅದೇ ಹೊತ್ತಿಗೆ ಅವನ ಮೊಬೈಲು ಗುಂಯ್ ಎಂದಿತು. ಕೈ ತಾನಾಗಿ ಅದರತ್ತ ಹೋಯಿತು.

ಗುರುಗಳು ಮೆಲ್ಲಗೆ ಹೇಳಿದರು: “ಮೊದಲು ನಿನ್ನ ತಲೆ ಮುಟ್ಟಿ ನೋಡಿಕೊ, ಒಣಗಿದೆಯೇ?”