ಚೆನ್ನಿಂಗನೂ ಪೆಲೆಟ್ ಒಲೆಯ ಮುಚ್ಚಳವೂ

ಬನ್ನಿ, ಇನ್ನೊಂಚೂರು ಹತ್ತಿರ ಕೂತ್ಕೊಳ್ಳಿ. ನಗು ಬಂದರೆ ನಕ್ಕುಬಿಡಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಚೆನ್ನಿಂಗನನ್ನು ಪೆದ್ದ ಅಂತ ಮಾತ್ರ ನೀವು ಅನ್ನಬೇಡಿ. ಅನ್ನೋದಕ್ಕೆ ಅವರವ್ವ ಇದ್ದಾಳೆ, ನಾನಿದ್ದೀನಿ, ಅಷ್ಟು ಸಾಕು.

ಹೊಳೆದಂಡೆಯ ಹರಳಹಳ್ಳಿಯಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು ಬೆಸ್ತರ ಹೆಂಗಸು. ಅವಳ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ತಂತಿಜಾಲರಿ, ಜಾಲರಿಯ ಮೇಲೆ ಮೀನು. ಸೌದೆಯ ಹೊಗೆಯಲ್ಲಿ ನಿಧಾನಕ್ಕೆ ಬೆಂದ ಅವಳ ಹೊಗೆಮೀನು ಅಂದರೆ ಸುತ್ತೂರಿನವರಿಗೆಲ್ಲ ಬಾಯಲ್ಲಿ ನೀರು. ಹೊಗೆ ಕುಡಿದು ಮೀನು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಅದೇ ಹೊಗೆಯನ್ನು ದೊಡ್ಡತಾಯಮ್ಮನೂ ಕುಡಿಯುತ್ತಿದ್ದಳಲ್ಲ, ಅವಳ ಎದೆ ಕಟ್ಟಿಕೊಂಡಿತು. ಮಲಗಿದರೆ ನಿದ್ದೆಯಿಲ್ಲ, ಮಾತಾಡಿದರೆ ಪೂರ್ತಿ ಮಾತಿಲ್ಲ, ಎಲ್ಲದಕ್ಕೂ ಅಡ್ಡ ಕೆಮ್ಮು. "ಇನ್ನೊಂದು ವರ್ಷ ಸೌದೆ ಒಲೆ ಮುಂದೆ ಕೂತರೆ ನಾನೇನೂ ಮಾಡೋಕಾಗಲ್ಲ" ಅಂತ ಡಾಕ್ಟರಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರು.

ಅವಳಿಗಿದ್ದವನು ಒಬ್ಬನೇ ಮಗ, ಚೆನ್ನಿಂಗ. ಮೈ ಎತ್ತಿನಂಥದ್ದು. ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು, ಮನೆ ಮುಟ್ಟಿರಲಿಲ್ಲ. ಹೇಳಿದ ಮಾತು ಮೀರುವವನಲ್ಲ, ಅದೇ ಅವನ ರೋಗ. ಯಾವಾಗ ಹೇಳಿದ್ದು, ಯಾತಕ್ಕೆ ಹೇಳಿದ್ದು ಅನ್ನೋದು ಅವನಿಗೆ ಬೇಕಿರಲಿಲ್ಲ.

"ನಿನ್ನ ಕಟ್ಕಂಡು ಹೆಂಗ್ಲಾ ಬದುಕ್ಲಿ ನಾನು!" ಅಂತ ಅವ್ವ ಹಣೆ ಚಚ್ಚಿಕೊಳ್ಳುವಳು. ಚಚ್ಚಿಕೊಂಡು ಬಯ್ಯುವಳು. ಬಯ್ಯುತ್ತಾ ಬಯ್ಯುತ್ತಾ ಕೆಮ್ಮು ಬರುವುದು. ಕೆಮ್ಮು ಬಂದರೆ ಚೆನ್ನಿಂಗ ಓಡಿಹೋಗಿ ಚೊಂಬಲ್ಲಿ ನೀರು ತಂದುಕೊಡುವನು. ಅಲ್ಲಿಗೆ ಬೈಗುಳ ಮುಗಿಯುವುದು. ಆ ಮನೆಯ ಪದ್ಧತಿಯೇ ಅದು.

ಅವಳ ಪಾಡು ನೋಡಲಾರದೆ ಮಹಿಳಾ ಸಂಘದವರು ಒಂದು ಪೆಲೆಟ್ ಒಲೆ ಕೊಡಿಸಿದರು. ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಮುಚ್ಚಳ, ಪಕ್ಕದಲ್ಲಿ ಒಂದು ಡಬ್ಬ. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಕಡ್ಡಿಚೂರುಗಳಿಗೆ ಪೆಲೆಟ್ ಅಂತಾರೆ. ಅದನ್ನು ಡಬ್ಬಕ್ಕೆ ಸುರಿದು ಸ್ವಿಚ್ ಹಾಕಿದರೆ ಆಯಿತು. ಒಳಗಿನ ತಿರುಪು ಪೆಲೆಟ್ಟನ್ನು ತಾನೇ ತಳ್ಳಿಕೊಳ್ಳುತ್ತೆ, ಫ್ಯಾನು ತಾನೇ ಗಾಳಿ ಊದುತ್ತೆ. ಊದುಕೊಳವೆ ಬೇಡ, ಮುಂದೆ ಕೂರುವುದು ಬೇಡ. ಹೊಗೆ ಒಳಗೊಳಗೇ ಮೀನನ್ನು ಸುತ್ತಿ, ಹಿಂದಿನ ಕೊಳವೆಯಿಂದ ತೆಳ್ಳಗೆ ಹೊರಗೆ ಹೋಗುತ್ತೆ.

ಒಲೆ ಬಂದ ವಾರದಲ್ಲೇ ಮೇಲ್ಬೀದಿಯ ನಿಂಗರಾಜೇಗೌಡರು ಬಂದರು. "ತಾಯಮ್ಮ, ಮಗಳ ಮದ್ವೆ ಆಯ್ತು. ಶುಕ್ರವಾರ ಬೀಗರ ಊಟ. ನಿನ್ನ ಹೊಗೆಮೀನು ಎಲೆ ಮೇಲೆ ಇರ್ಲೇಬೇಕು" ಅಂದರು.

ಅವರು ಹೋದ ಮೇಲೆ ದೊಡ್ಡತಾಯಮ್ಮ ಮಗನಿಗೆ ಹೇಳಿದಳು: "ನೋಡ್ಲಾ, ಬೀಗರು ಮೆಚ್ಚುದ್ರೆ ಹೊಸ ಒಲೆ ಉಳೀತದೆ. ಮೆಚ್ಚುಲಿಲ್ಲ ಅಂದ್ರೆ ನಾನು ಮತ್ತೆ ಆ ಮೂರು ಕಲ್ಲು ಮುಂದ್ಕೇ ಹೋಗಿ ಕೂತ್ಕತೀನಿ. ಎದೆ ಹೋದ್ರೆ ಹೋಗ್ಲಿ."

ಚೆನ್ನಿಂಗನಿಗೆ ಬೇರೇನೂ ತಲೆಗೆ ಹತ್ತದಿದ್ದರೂ ಈ ಮಾತು ಹತ್ತಿತು. ಹತ್ತಿ, ಅವನಿಗೆ ಹೆದರಿಕೆಯಾಯಿತು. ಅವ್ವ ಹಳೇ ಒಲೆ ಮುಂದೆ ಕೂರಕೂಡದು. ಅದಕ್ಕೆ ಅವಳು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ. ಅಲ್ಲೇ ನೋಡಿ ಎಡವಟ್ಟು ಶುರುವಾಗಿದ್ದು.

"ಪೇಟೆ ಸಾಮಿಲ್‌ಗೆ ಹೋಗಿ ಒಂದು ಮೂಟೆ ಪೆಲೆಟ್ ತತ್ತಾ" ಅಂದಳು ಅವ್ವ.

ಅದರ ಹಿಂದಿನ ದಿನ ಇವನು ಗೆಣಸನ್ನು ಮಣ್ಣುಸಮೇತ ತಂದು ಅಡುಗೆಮನೆಯಲ್ಲಿ ಸುರಿದಿದ್ದ. "ಹೊರ್ಗಿಂದ ಏನೇ ತಂದ್ರೂ ಹೊಳೇಲಿ ಚೆಂದಾಗಿ ತೊಳ್ಕಂಡು ತರ್ಬೇಕು ಕನ್ಲಾ!" ಅಂತ ಬೈಸಿಕೊಂಡಿದ್ದ. ಮಾತು ಮರೆಯುವ ಆಸಾಮಿಯಲ್ಲ. ಮೂಟೆ ಹೊತ್ತುಕೊಂಡು ನೇರ ಹೊಳೆಗೆ ಇಳಿದ. ತೊಳೆದ. ಕಂದು ನೀರು ಬಂತು. ಅಯ್ಯೋ, ಎಷ್ಟು ಕೊಳೆ ಅಂತ ಇನ್ನೊಂದಿಷ್ಟು ತೊಳೆದ. ಇನ್ನೂ ಕಂದು ನೀರು ಬಂತು. ಮತ್ತೂ ತೊಳೆದ. ಮನೆಗೆ ತಂದು ಒಲೆಯ ಡಬ್ಬಕ್ಕೆ ಗಬಗಬ ಸುರಿದು ಸ್ವಿಚ್ ಹಾಕಿದ. ತಿರುಪು ಗರ್ ಅಂತು, ಗುರ್ ಅಂತು, ನಿಂತೇಹೋಯಿತು.

"ಇದೇನ್ಲಾ ಇದು, ಅಂಬ್ಲಿ!"

"ಪೆಲೆಟ್ಟು ಕನವ್ವ. ತೊಳ್ದಿವ್ನಿ."

"ಅಯ್ಯೋ ನನ್ನ ಹಾಳಾದ ಮಗನೆ! ಅದನ್ನ ತೊಳೀತಾರೇನ್ಲಾ? ನೀರು ತಾಗುದ್ರೆ ಊದ್ಕತದೆ! ಮೇಲಿಂದ ಕೆಳುಗಂಟ ಪ್ಲಾಸ್ಟಿಕ್ ಸುತ್ತಿ, ಹಗ್ಗದಲ್ಲಿ ಬಿಗಿದು, ಹೆಗಲ ಮ್ಯಾಲೆ ಹೊತ್ಕಂಡು ತರ್ಬೇಕು! ಒಂದು ಹನಿ ತಾಗ್ಬಾರ್ದು!" ಅಂದಳು, ಕೆಮ್ಮಿದಳು. ಚೆನ್ನಿಂಗ ನೀರು ಕೊಟ್ಟ.

ಈಗ ತಿರುಪು ಕಟ್ಟಿಕೊಂಡಿತಲ್ಲ, ಬಿಡಿಸಬೇಕು. "ಪೇಟೇಲಿ ಪಂಪ್‌ಸೆಟ್ ರಿಪೇರಿ ಮಾಡೋ ದಸ್ತಗೀರ್ ಸಾಬ್ರನ್ನ ಕರ್ಕಂಡು ಬಾ, ಬಿರ್ರನೆ ಹೋಗು" ಅಂದಳು.

ಹೋದ. ಸಾಬರು ಚೀಲ ತಗೊಂಡು ಹೊರಟರು. ಬೀದಿಗೆ ಬಂದರೋ ಇಲ್ಲವೋ, ತುಂತುರು ಹನಿ ಶುರುವಾಯಿತು. ಒಂದು ಹನಿ ತಾಗಬಾರದು ಅಂದಿದ್ದಳಲ್ಲ ಅವ್ವ! ಚೆನ್ನಿಂಗ ಪಕ್ಕದ ಅಂಗಡಿಯ ಟಾರ್ಪಾಲು ಎಳೆದ. ಸಾಬರಿಗೆ ಮೇಲಿಂದ ಕೆಳಗಿನವರೆಗೂ ಸುತ್ತಿದ. ಹಗ್ಗದಲ್ಲಿ ಬಿಗಿದ. ಹೆಗಲ ಮೇಲೆ ಹಾಕಿಕೊಂಡ.

"ಅರೆ ಅರೆ! ಬಿಡಪ್ಪಾ! ನನಗೆ ಕಾಲಿದೆ, ನಡ್ಕೊಂಡು ಬರ್ತೀನಿ!" ಟಾರ್ಪಾಲಿನ ಒಳಗಿಂದ ಸಾಬರು ಕೂಗಿದರು.

"ಬ್ಯಾಡಿ ಸಾಬ್ರೆ. ನೀವು ಊದ್ಕಂಡ್‌ಬುಟ್ರೆ ನಮ್ಮವ್ವ ಬಯ್ತಾಳೆ."

ಊರ ನಾಯಿಗಳೆಲ್ಲ ಹಿಂದೆ. ಮಕ್ಕಳೆಲ್ಲ ಮುಂದೆ. ಹೀಗೆ ದಸ್ತಗೀರ್ ಸಾಬರು ಹರಳಹಳ್ಳಿ ಪ್ರವೇಶ ಮಾಡಿದರು. ಹಿತ್ತಲಲ್ಲಿ ಮೂಟೆ ಇಳಿಯಿತು, ಹಗ್ಗ ಬಿಚ್ಚಿಕೊಂಡಿತು, ಒಳಗಿಂದ ಟೋಪಿ ಬಂತು, ಆಮೇಲೆ ಮುಖ ಬಂತು. ದೊಡ್ಡತಾಯಮ್ಮ ನಾಚಿಕೆಯಿಂದ ನೆಲಕ್ಕಿಳಿದು ಹೋದಳು. ಸಾಬರು ದೊಡ್ಡ ಮನಸ್ಸಿನವರು, ನಕ್ಕುಬಿಟ್ಟರು. "ಬಿಡಮ್ಮ, ಆಟೋದವರೂ ಹೀಗೆ ಒಲೆ ಮುಂದಕ್ಕೇ ತಂದು ಇಳಿಸಲ್ಲ" ಅಂತ ಹೇಳಿ, ಅಂಬಲಿ ತೋಡಿ, ತಿರುಪು ಬಿಡಿಸಿ, ಒರೆಸಿ, ಸಂಘದವರು ಕೊಟ್ಟಿದ್ದರಲ್ಲಿ ಉಳಿದಿದ್ದ ಒಣ ಪೆಲೆಟ್ ಹಾಕಿ ಒಲೆ ಹತ್ತಿಸಿ ತೋರಿಸಿ, ಈ ಸಲ ನಡೆದುಕೊಂಡೇ ಹೋದರು.

"ಮನುಷ್ಯರನ್ನ ಮೂಟೆ ಕಟ್ತಾರೇನ್ಲಾ! ಬರೋರ್ನ ಮರ್ವಾದೆಯಾಗಿ ಕರೀಬೇಕು! ಚಾಪೆ ಹಾಸಿ ಕೂರುಸ್ಬೇಕು, ಕುಡಿಯಾಕೆ ನೀರು ಕೊಡ್ಬೇಕು, ನಿಧಾನಕ್ಕೆ ಬನ್ನಿ ಅಂತ ಹೇಳಿ ಮುಂದೆ ಬರ್ಬೇಕು! ತಿಳೀತಾ?" ಅಂದಳು, ಕೆಮ್ಮಿದಳು. ಚೆನ್ನಿಂಗ ನೀರು ಕೊಟ್ಟ.

ಶುಕ್ರವಾರ ಬಂತು. ಬೆಳಗಾಗುತ್ತಲೇ ಅವ್ವ ಅಂದಳು: "ನಿಮ್ಮ ಮಾವ ಹರಿಗೋಲಲ್ಲಿ ಗೆಂಡೆ ಮೀನು ಹಿಡಿದು ದಡದಲ್ಲಿ ಕಾಯ್ತಾವ್ನೆ. ತಕಂಡು ಬಾ."

ಮಾವ ಬುಟ್ಟಿ ತುಂಬ ಮೀನು ಕೊಟ್ಟ. ಒಂದೊಂದೂ ಪಟಪಟ ಅಂತ ಒದ್ದಾಡುತ್ತಿತ್ತು. ಚೆನ್ನಿಂಗ ಅವಕ್ಕೆ ಕೈಮುಗಿದ. ದಡದಲ್ಲಿ ಚಾಪೆ ಹಾಸಿ ಸಾಲಾಗಿ ಕೂರಿಸಿದ. ಕೂರಲಿಲ್ಲ, ಹೊರಳಾಡಿದವು. ಬೊಗಸೆಯಲ್ಲಿ ನೀರು ಹಿಡಿದ. ಬಾಯಿ ಬಾಯಿ ಬಿಟ್ಟವು. ಪಾಪ, ಎಷ್ಟು ದಾಹವೋ ಏನೋ, ಬೊಗಸೆ ನೀರು ಎಲ್ಲಿ ಸಾಲುತ್ತೆ! ಒಂದೊಂದನ್ನೂ ಎತ್ತಿ ಹೊಳೆಗೇ ಬಿಟ್ಟ. "ಹೊಟ್ಟೆ ತುಂಬ ಕುಡ್ಕಳಿ. ನಿಧಾನಕ್ಕೆ ಬನ್ನಿ" ಅಂತ ಹೇಳಿ ಮನೆಗೆ ಬಂದ. ಬಂದವನು ಬೀದಿಬಾಗಿಲಲ್ಲಿ ನಿಂತ.

"ಮೀನೆಲ್ಲಿ?"

"ಬತ್ತಾವೆ ಕನವ್ವ, ಹಿಂದ್ಗಡೆ."

ದೊಡ್ಡತಾಯಮ್ಮ ಸೆರಗು ಸಿಕ್ಕಿಸಿಕೊಂಡು ಹೊಳೆಗೆ ಓಡಿದಳು. ಅಣ್ಣನ ಕೈಕಾಲು ಹಿಡಿದಳು. ಅವನು ಸೋದರಳಿಯನನ್ನು ಬಾಯಿಗೆ ಬಂದ ಹಾಗೆ ಬೈದುಕೊಂಡು ಮತ್ತೆ ಬಲೆ ಬೀಸಿದ. ಹೊಳೆಗೆ ಕರುಣೆಯಿತ್ತು, ಮೀನು ಬಿದ್ದವು. ಅವಳೇ ಸೀಳಿದಳು, ಉಪ್ಪು ಅರಿಶಿನ ಹಚ್ಚಿದಳು, ಒಲೆಯೊಳಗೆ ಜೋಡಿಸಿ ಮುಚ್ಚಳ ಹಾಕಿ ಕಾವು ಸಣ್ಣಗಿಟ್ಟಳು.

"ಇಲ್ಕೇಳು. ಮೀನಿಗೆ ಮರ್ವಾದೆ ಬ್ಯಾಡ, ಕಾವು ಬೇಕು! ಮುಚ್ಚಳ ತೆಗುದ್ರೆ ಕಾವೂ ಹೋಯ್ತದೆ, ಹೊಗೆನೂ ಹೋಯ್ತದೆ. ನಾನು ಇಲ್ಲಿಗೆ ಬಂದು, ನನ್ನ ಬಾಯಿಂದ ತೆಗಿ ಅನ್ನೋಗಂಟ ಮುಟ್ಬ್ಯಾಡ. ಯಾರು ಹೇಳುದ್ರೂ ಮುಟ್ಬ್ಯಾಡ! ನಾನು ತೆಗಿ ಅಂದೇಟ್ಗೆ, ಕೈಲಿ ಏನಿದ್ರೂ ಬಿಸಾಕಿ ತೆಗೀಬೇಕು!" ಅಂದಳು, ಕೆಮ್ಮಿದಳು. ಚೆನ್ನಿಂಗ ನೀರು ಕೊಟ್ಟ. ಅವಳು ಗೌಡರ ಮನೆಗೆ ಚಪ್ಪರದ ಕಡೆ ನೋಡಿಕೊಳ್ಳೋಕೆ ಹೋದಳು.

ಅಲ್ಲಿ ಹೆಂಗಸರು ಗೋಡೆ ಪಕ್ಕ ಚಾಪೆ ಹಾಕಿಕೊಟ್ಟರು. ಹೊಳೆ ಕಡೆಯ ಗಾಳಿ ತಣ್ಣಗೆ ಬೀಸುತ್ತಿತ್ತು. ಹೊಸ ಒಲೆ ಬಂದಾಗಿನಿಂದ ಅವಳ ಮೂಗಿಗೆ ಸೌದೆ ಹೊಗೆ ಹೋಗಿರಲಿಲ್ಲ. ಒಂಚೂರು ಒರಗಿದಳು. ಒರಗಿದ್ದೇ ಕಣ್ಣು ಮುಚ್ಚಿತು.

ಇತ್ತ ಮಧ್ಯಾಹ್ನವಾಯಿತು. ಬೀಗರು ಎಲೆ ಮುಂದೆ ಕೂತರು. ಮುದ್ದೆ ಬಂತು, ಸಾರು ಬಂತು, ಮೀನು ಬರಲಿಲ್ಲ. ನಿಂಗರಾಜೇಗೌಡರು ಹಿತ್ತಲಿಗೇ ಓಡಿಬಂದರು.

"ತೆಗಿಯೋ ಮುಚ್ಚಳ! ಬೀಗರು ಕಾಯ್ತಾವ್ರೆ!"

"ನೀವು ನಮ್ಮವ್ವ ಅಲ್ಲ."

ಗಂಡಿನ ಕಡೆಯ ಚಿಕ್ಕಪ್ಪ ಬಂದ, ದಪ್ಪ ಮೀಸೆಯವನು. "ತೆಗಿಯಪ್ಪ, ಹಸಿವು!"

ಚೆನ್ನಿಂಗ ಅವನ ಮೀಸೆಯನ್ನು ಚೆನ್ನಾಗಿ ನೋಡಿದ. "ನೀವೂ ಅಲ್ಲ."

"ನಿಮ್ಮವ್ವ ನಮ್ಮನೇಲಿ ನಿದ್ದೆ ಹೊಡೀತಾವ್ಳೆ ಕಣೋ!" ಅಂತ ಗೌಡರು ಕಿರುಚಿದರು.

ಚೆನ್ನಿಂಗ ಬೆಪ್ಪಾದ. ಅವ್ವ ಮಲಗಿದ್ದಾಳಾ? ಓಡಿದ. ನೋಡಿದ. ನಿಜ! ಬಾಯಿ ಒಂಚೂರು ತೆರೆದುಕೊಂಡು, ಎದೆ ಸದ್ದಿಲ್ಲದೆ ಏರಿ ಇಳಿದು, ಅವ್ವ ಮಗುವಿನ ಹಾಗೆ ಮಲಗಿದ್ದಳು. ಕೆಮ್ಮಿಲ್ಲ. ಹೀಗೆ ಮಲಗಿದ್ದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ! ಎಬ್ಬಿಸೋಕೆ ಅವನಿಗೆ ಮನಸ್ಸೇ ಬರಲಿಲ್ಲ, ಕಣ್ಣು ತುಂಬಿಕೊಂಡಿತು. ಆದರೆ ಅವ್ವ ಒಲೆ ಹತ್ತಿರ ಬರಬೇಕು, ಬಂದು ತೆಗಿ ಅನ್ನಬೇಕು. ಹೇಳಿದ ಮಾತು ಹೇಳಿದ ಹಾಗೇ ಆಗಬೇಕು. ಬಗ್ಗಿದ. ಚಾಪೆಸಮೇತ ಅವಳನ್ನು ಎರಡು ತೋಳ ಮೇಲೆ ಎತ್ತಿಕೊಂಡ. ಅಲುಗಾಡಿಸದೆ, ಬೀಗರ ಪಂಕ್ತಿಯ ನಡುವೆ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೊರಟ.

ಕಣ್ಣು ಮುಚ್ಚಿದ ಹೆಂಗಸು, ಚಾಪೆ, ಅಳುತ್ತಿರುವ ಮಗ! ಎಲೆ ಮುಂದೆ ಕೂತವರ ತುತ್ತು ಕೈಯಲ್ಲೇ ನಿಂತಿತು. "ಅಯ್ಯೋ ತಾಯಮ್ಮಾ! ಬೆಳಿಗ್ಗೆ ನೆಟ್ಟಗಿದ್ದಲ್ಲವ್ವಾ!" ಅಂತ ಒಬ್ಬ ಮುದುಕಿ ರಾಗ ತೆಗೆದಳು. ಬೀಗರು ಎದ್ದರು, ಪೇಟ ತೆಗೆದರು. ಮೀಸೆಯ ಚಿಕ್ಕಪ್ಪ "ನಿದ್ದೇಲೇ ಹೋಗ್ಬುಟ್ಳಾ!" ಅಂತ ಒಂದು ಕಡೆ ಹೆಗಲು ಕೊಡೋಕೆ ಬಂದ. ದಾರಿಯ ಅಂಗಡಿಯವನು ಬಾಗಿಲು ಅರ್ಧ ಎಳೆದ. ಮದುವೆಯ ಗಂಡು ಹೆಣ್ಣು ಕೂಡ ತಲೆ ತಗ್ಗಿಸಿಕೊಂಡು ಹಿಂದೆ ನಡೆದರು. ಬೀಗರ ಊಟಕ್ಕೆ ಬಂದವರೆಲ್ಲ ಮೆರವಣಿಗೆಯಾಗಿ ದೊಡ್ಡತಾಯಮ್ಮನ ಹಿತ್ತಲಿಗೆ ಬಂದರು.

ಗೋಳಿನ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಆಕಾಶ ಕಂಡಿತು, ಮಗನ ಗದ್ದ ಕಂಡಿತು.

"ಯಾರ್ಲಾ ಸತ್ತೋರು?"

ಮುದುಕಿಯ ರಾಗ ಅರ್ಧಕ್ಕೇ ನಿಂತಿತು. ಚಿಕ್ಕಪ್ಪ ನಾಲ್ಕು ಮಾರು ಹಿಂದಕ್ಕೆ ಹಾರಿದ.

"ಯಾರೂ ಇಲ್ಲ ಕನವ್ವ. ಒಲೆ ತಾವ್ಕೆ ಬಂದ್ವಿ."

ಒಲೆ ಅಂದೊಡನೆ ಅವಳಿಗೆ ಮೀನು ನೆನಪಾಯಿತು. "ಅಯ್ಯೋ, ಹೊತ್ತು ಮೀರ್‌ಹೋಯ್ತಲ್ಲೋ! ತೆಗಿಯೋ! ತೆಗಿ!"

ತೆಗಿ ಅಂದಳು, ಚೆನ್ನಿಂಗ ಕೈಯಲ್ಲಿದ್ದದ್ದನ್ನು ಬಿಸಾಕಿದ. ಅವ್ವ ಚಾಪೆಸಮೇತ ಪಕ್ಕದ ಹುಲ್ಲಿನ ರಾಶಿಗೆ ಹೋಗಿ ಬಿದ್ದಳು. ಮುಚ್ಚಳ ತೆರೆಯಿತು.

ಆಹಾ, ಆ ವಾಸನೆ! ಒಲೆ ತನ್ನ ಪಾಡಿಗೆ ಸಣ್ಣ ಕಾವು ಇಟ್ಟುಕೊಂಡು ಕಾದಿತ್ತು. ಒಂದೂ ಸೀದಿರಲಿಲ್ಲ. ಸಾಲಾಗಿ ಹೊಂಬಣ್ಣದ ಮೀನು. ಚಿಕ್ಕಪ್ಪ ಒಂದು ಚೂರು ಮುರಿದು ಬಾಯಿಗಿಟ್ಟ. ಕಣ್ಣು ಮುಚ್ಚಿದ. "ಎಲೆ ಇಲ್ಲಿಗೇ ತರ್ಸಿ ಗೌಡ್ರೆ. ನಮ್ಮೂರಿನ ಹಬ್ಬಕ್ಕೂ ಈ ಒಲೆದೇ ಆಗ್ಬೇಕು" ಅಂದ. ಜನ ಹಿತ್ತಲಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು. ಇನ್ನು ಆ ಮೂರು ಕಲ್ಲಿನ ಹತ್ತಿರ ಅವಳು ಹೋಗಬೇಕಾಗಿರಲಿಲ್ಲ.

ಅಷ್ಟರಲ್ಲಿ ಹುಲ್ಲಿನ ರಾಶಿಯಿಂದ ಬೈಗುಳ ಎದ್ದಿತು. "ಲೋ ಹಾಳ್ ನನ್ಮಗನೆ! ಹೆತ್ತವ್ವನ್ನ ಬಿಸಾಕ್ತೀಯೇನ್ಲಾ! ನಿನ್ನ ಬುದ್ಧಿಗೆ ಬೆಂಕಿ ಹಾಕ! ಬದುಕಿರೋಳ್ನ ಹೊತ್ಕಂಡು ಊರೆಲ್ಲ ಮೆರ್ಸುದ್ಯಲ್ಲೋ! ಬೀಗರ ಕೈಲಿ ಪೇಟ ತೆಗುಸ್ದ್ಯಲ್ಲೋ! ನಿನ್ನ ಹೆತ್ತ ಹೊಟ್ಟೆಗೆ ಏನ್ಲಾ ಹೇಳ್ಲಿ..." ಹೆಸರು ಹಿಡಿದು ಬೈದಳು, ಅವರಪ್ಪನನ್ನು ಸೇರಿಸಿ ಬೈದಳು, ಉಸಿರು ಎಳೆದುಕೊಂಡು ಮತ್ತೆ ಮೊದಲಿಂದ ಬೈದಳು. ಒಂದೇ ದನಿ, ಒಂದೇ ಓಟ, ಎಲ್ಲೂ ತಡೆಯಿಲ್ಲ. ಊಟಕ್ಕೆ ಕೂತವರು ತಿನ್ನುವುದು ಬಿಟ್ಟು ಕೇಳಿಸಿಕೊಂಡರು. ಕೊನೆಗೆ ಅವಳ ಬೈಗುಳವೇ ಮುಗಿದುಹೋಯಿತು.

ಚೆನ್ನಿಂಗ ಆಗಲೇ ಓಡಿಹೋಗಿ ಚೊಂಬಲ್ಲಿ ನೀರು ತಂದು ನಿಂತಿದ್ದ. ನಿಂತ, ನಿಂತ, ಅವ್ವನ ಬಾಯನ್ನೇ ನೋಡಿಕೊಂಡು ನಿಂತ. ಏನೋ ಎಡವಟ್ಟಾಗಿದೆ ಅಂತ ಅವನಿಗೆ ಗಾಬರಿಯಾಯಿತು.

"ಇನ್ನೂ ಬಯ್ಯವ್ವ. ಕೆಮ್ಮು ಇನ್ನೂ ಬಂದಿಲ್ಲ" ಅಂದ.